ತಲೆಕಟ್ಟಿಲ್ಲದ ಅಕ್ಷರ

ಮೊದಲು ಕಂಡದ್ದು ಮಹದೇವಪೇಟೆಯಲ್ಲಿ, ಮುಚ್ಚಿದ ಶಟರಿನ ಮೇಲೆ
ಆಳೆತ್ತರದ ಒಂದು ಳ.
ಹಿಂದಿಲ್ಲ, ಮುಂದಿಲ್ಲ.
ಸ್ಪ್ರೇ ಡಬ್ಬಿಯ ನೀಲಿ ನಾಲ್ಕು ಕಡೆ ಸೋರಿ
ಕೋಳಿಕಾಲಿನ ಹಾಗೆ ನೆಲಕ್ಕಿಳಿದಿತ್ತು.

ಮೊಯ್ದು ಚಹಾ ಕೊಡುತ್ತ ಕೇಳಿದ:
'ಚಂದುವಣ್ಣ, ನೀವೇ ಓದಿ ಹೇಳಿ, ಏನು ಬೋರ್ಡು ಇದು?'
ಬೋರ್ಡಲ್ಲ ಮಾರಾಯ, ಗಲೀಜು, ಅಂದೆ.

ನಲವತ್ತೊಂದು ವರ್ಷ ಈ ಊರಿಗೆ ಹೆಸರು ಬರೆದವನು ನಾನು.
ದಾರಕ್ಕೆ ಸುಣ್ಣ ಹಚ್ಚಿ, ಎರಡು ಮೊಳೆಗೆ ಬಿಗಿದು
ಟಪ್ಪೆಂದು ಬಿಟ್ಟರೆ ಗೆರೆ.
ಗೆರೆಯ ಮೇಲೆ ಅಕ್ಷರಗಳು ಕೂರಬೇಕು
ಬೆಳಗಿನ ಮೊದಲ ಬಸ್ಸಿನ ಹಾಗೆ,
ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗದೆ.
ಕ್ಲಿನಿಕ್ಕು, ವೈನ್ಸು, ಕೋವಿ ರಿಪೇರಿ, ಒಳ್ಳೆಮೆಣಸಿನ ಮಂಡಿ
ಎಲ್ಲ ಬರೆದೆ.
ಳ-ದಿಂದ ಶುರುವಾಗುವ ಒಂದು ಬೋರ್ಡು ಬರೆದಿಲ್ಲ.
ಅಂಥ ಅಂಗಡಿಯಿಲ್ಲ, ಅಂಥ ಹೆಸರಿನ ಮನುಷ್ಯನೂ ಇಲ್ಲ.
ಶಾಲೆ ಗೋಡೆಗೆ ವರ್ಣಮಾಲೆ ಬರೆಯುವಾಗ
ಆನೆ ತಂದಿತ್ತು ಆ, ಇಲಿ ತಂದಿತ್ತು ಇ.
ಕೊನೆಯಲ್ಲಿ ಬರಿಗೈಲಿ ನಿಂತ ಳ-ಗೆ
ಕೊ-ದ ಮನೆಯಿಂದ ಕೊಳಲು ಸಾಲ ತಂದುಕೊಟ್ಟಿದ್ದೆ.

ಆಮೇಲೆ ಫ್ಲೆಕ್ಸು ಬಂತು.
ಅದು ಬೇರೆ ಕಥೆ, ಬಿಡಿ.

ಕಕ್ಕಡದ ಹೊತ್ತಿಗೆ ಊರೆಲ್ಲ ಳ.
ಕಾಲೇಜು ರಸ್ತೆಯ ಟ್ರಾನ್ಸ್‌ಫಾರ್ಮರಿನ ಬೆನ್ನಿಗೆ,
ಹಾಲಿನ ಬೂತಿಗೆ, ಪಾಳು ಗ್ಯಾರೇಜಿಗೆ,
ಕೋಟೆ ಹಿಂದಿನ ಗಲ್ಲಿಯಲ್ಲಿ ಬಣ್ಣವೇ ಇಲ್ಲದೆ
ಗೋಡೆಯ ಪಾಚಿಯನ್ನಷ್ಟೇ ಕೆರೆದು.
ಅಲ್ಲಿ ನಿಂತೆ.
ಬೈಯಲಿಕ್ಕೇ ನಿಂತದ್ದು:
ಸೊಂಟ ಸೊಟ್ಟ. ಎಡಹೊಟ್ಟೆ ಜಾಸ್ತಿ.
ಒಳಸುಳಿ ತಿರುಗುವಲ್ಲಿ ಕೈ ಹೆದರಿದೆ.

ಹೆದರಿದ ಕೈ ನನಗೆ ಗೊತ್ತು.
ಮೊದಲ ಬೋರ್ಡಿನಲ್ಲಿ 'ಕಿತ್ತಳೆ' ಬರೆಯುವಾಗ
ಅದೇ ತಿರುವಿನಲ್ಲಿ ನನ್ನ ಕುಂಚ ನಡುಗಿ
ಹಣ್ಣಿನ ಸಾಹುಕಾರ ಅರ್ಧ ಕಾಸು ಹಿಡಿದಿದ್ದ.

ಮುಂದಿನ ವಾರದ ಳ-ದಲ್ಲಿ ಸುಳಿ ಸುಧಾರಿಸಿತ್ತು.
ಅದರ ಮುಂದಿನದರಲ್ಲಿ ಸೊಂಟ.
ಹಾಲಿಗೆ ಹೊರಟವನು ಊರು ಸುತ್ತಿ ಬರತೊಡಗಿದೆ.
ಸೌಮಿನಿ ಕೇಳಿದಳು, 'ಹಸು ಹುಡುಕಲಿಕ್ಕೆ ಹೋಗಿದ್ದಿರಾ?'

ರಾಜಾಸೀಟಿನ ದಾರಿಯಲ್ಲಿ ಪ್ರವಾಸಿಗರಿಗೆಂದೇ ಬರೆಸಿದ ಗೋಡೆಯಿದೆ:
ಜಲಪಾತ, ಕಾಫಿಹಣ್ಣು, ಆನೆ,
ಪೀಚೆಕತ್ತಿ ಸಿಕ್ಕಿಸಿ ನಗುವ ಜೋಡಿ.
ಚೊಕ್ಕ ಕೆಲಸ. ಕೈ ಎಲ್ಲೂ ಹೆದರಿಲ್ಲ.
ತಿದ್ದಲು ಏನೂ ಸಿಗದೆ ಹೊರಟುಬಂದೆ.
ಎರಡನೇ ಸಲ ಹೋದಾಗ, ಸುಳ್ಳೇಕೆ ಹೇಳಲಿ,
ಆನೆಯ ಕಣ್ಣಿನ ಸುತ್ತ ಯಾರೋ ಊಟ ಬಿಟ್ಟು ಕೂತು
ಒಂದೊಂದೇ ನೆರಿಗೆ ಎಳೆದಿದ್ದರು.
ಅಷ್ಟನ್ನು ನೋಡಿ ಬಂದೆ.

ಮೊನ್ನೆ ಮಂಗಳೂರು ರಸ್ತೆ.
ಗುಡ್ಡ ಜಾರಿದಲ್ಲಿ ಕಟ್ಟಿದ ತಡೆಗೋಡೆ,
ನೀರು ಬಸಿಯಲು ಸಾಲಾಗಿ ಪೈಪಿನ ತೂತು.
ಅದರ ಮೇಲೆ ಎರಡು ಮಹಡಿಯಷ್ಟು ಳ,
ಸಿಮೆಂಟಿನ ಬೂದಿಗೆ ಅರಿಶಿನದ ಹಳದಿ.
ಒಳಸುಳಿ ಸುತ್ತಿ ಸುತ್ತಿ ನಿಂತದ್ದು
ಸರಿಯಾಗಿ ಒಂದು ಪೈಪಿನ ಬಾಯಲ್ಲಿ.
ಗುಡ್ಡದೊಳಗಿನ ನೀರು ಅಕ್ಷರದೊಳಗಿಂದ ಬರುತ್ತಿತ್ತು.
ತಲೆಕಟ್ಟಿಲ್ಲ ನೋಡಿ ಳ-ಕ್ಕೆ.
ಕ-ಕ್ಕಿದೆ, ಮ-ಕ್ಕಿದೆ, ಇದಕ್ಕಿಲ್ಲ.
ಕೊಡೆ ಮರೆತು ಬಂದವರ ಹಾಗೆ ಮಳೆಗೆ ನಿಂತಿತ್ತು.
ಕೊಡೆ ಮಡಚಿ ನಾನೂ ತುಸು ಹೊತ್ತು ನಿಂತೆ.
ಕಂಡಕ್ಟರ್ ಇಳಿದು ಕೇಳಿದ, ಬರ್ತೀರಾ ಅಜ್ಜ, ಸಂಪಾಜೆ, ಸುಳ್ಯ?

ದಾರ ಬಿಗಿದಿಲ್ಲ, ಗೆರೆ ಹೊಡೆದಿಲ್ಲ,
ಕೆಳಮೂಲೆಯಲ್ಲಿ 'ಚಂದು ಆರ್ಟ್ಸ್' ಅಂತ ನಾನು ಬರೆಯುತ್ತಿದ್ದಲ್ಲಿ
ಏನೂ ಇಲ್ಲ.

ಮನೆಗೆ ಬಂದು ಎಲ್ಲ ಹೇಳಿದೆ,
ಹಳದಿ, ಸುಳಿ, ಪೈಪು, ನೀರು.
ಇಪ್ಪತ್ತು ವರ್ಷ ನನ್ನ ಏಣಿ ಹಿಡಿದವಳು
ಅಕ್ಕಿಯಿಂದ ಕಲ್ಲು ಆರಿಸುತ್ತ ತಲೆ ಎತ್ತದೆ ಕೇಳಿದಳು:
'ಅಷ್ಟೆತ್ತರಕ್ಕೆ ಹತ್ತಿದ್ದಾ?
ಕೆಳಗೆ ಯಾರು ನಿಂತಿದ್ದರು?'