ಮೇಲುಗಡೆ ಖಾಲಿ

ಹಾಸನದ ಹಳೇ ಬಸ್ ಸ್ಟ್ಯಾಂಡಿನ ಹಿಂದೆ
ಚಪ್ಪಲಿ ಅಂಗಡಿಯ ಮಹಡಿಯಲ್ಲಿ ನನ್ನ ಡಿಟಿಪಿ ಸೆಂಟರು.
ಲಗ್ನಪತ್ರಿಕೆ, ತಿಥಿ ಕಾರ್ಡು, ಬಾಡಿಗೆ ಕರಾರು.
ಯಾರೇ ಬರಲಿ, ಮೊದಲು ಕೇಳುವುದು:
ಮೇಲುಗಡೆ ಏನು ಹಾಕಲಿ?
ಗಣಪತಿ, ಏಳ್ನೂರ ಎಂಬತ್ತಾರು, ಶಿಲುಬೆ, ನಾಮ,
ಎಲ್ಲ ಒಂದೇ ಫೋಲ್ಡರಿನಲ್ಲಿ
ಒತ್ತಿಕೊಂಡು ಮಲಗಿವೆ. ಜಗಳವಿಲ್ಲ.

ಕಲೀಮುಲ್ಲಾ ಮೇಷ್ಟ್ರು ಬರುತ್ತಿದ್ದುದು ಬುಧವಾರ ಸಂಜೆ,
ಸ್ಕೂಟರಿನ ಡಿಕ್ಕಿಯಲ್ಲಿ ಅರಬ್ಬಿ ಪೇಪರು.
ಸಮುದ್ರದ ದಡದ ಯಾವುದೋ ಊರಲ್ಲಿ ಬಾಸಿಮ್ ಅಂತ ಒಬ್ಬ,
ಹಗಲು ಇತಿಹಾಸದ ಪಾಠ, ರಾತ್ರಿ ಪತ್ರಿಕೆಗೆ ಅಂಕಣ.
ಬಲದಿಂದ ಎಡಕ್ಕೆ ಓದುತ್ತಾ ಮೇಷ್ಟ್ರು
ಎಡದಿಂದ ಬಲಕ್ಕೆ ಹೇಳುತ್ತಿದ್ದರು,
ನಾನು ಕುಟ್ಟುತ್ತಿದ್ದೆ:

"ದೊರೆ ದೇವರ ನೆರಳೆಂದು ಬರೆದವನಿಗೆ
ಸಂಬಳ ಕೊಟ್ಟವರು ಯಾರು?
ಲೆಕ್ಕದ ಪುಸ್ತಕ ತೆಗೆಯಿರಿ."
ಬಂದೂಕಿನ ದಳಪತಿಗೂ ಬೈಗುಳ,
ಅವನನ್ನಿಳಿಸಿ, ಗ್ರಂಥ ತೋರಿಸಿ ಪಟ್ಟ ಕೇಳುವವನಿಗೂ.

ಒಂದು ದಿನ ಮೇಷ್ಟ್ರು ತಡವರಿಸಿದರು.
"ಮತದಿಂದ ಮತವನ್ನು ಬಿಡಿಸಬೇಕು...
ಹೀಗೆ ಬರೆದರೆ ಯಾರಿಗೆ ತಿಳಿದೀತಮ್ಮ?
ಎರಡಕ್ಕೂ ಒಂದೇ ಪದ ಇಟ್ಟುಕೊಂಡು ಕೂತಿದೆ ನಿಮ್ಮ ಕನ್ನಡ."
ಅಂದವರೇ ನಾಲಿಗೆ ಕಚ್ಚಿಕೊಂಡರು.
"ನಮ್ಮ ಕನ್ನಡ."
ನಾನಂದೆ, ಒಂದು ಬೆರಳಿಗೆ ಹಚ್ಚೋದು ಸಾರ್,
ಇನ್ನೊಂದು ಹಣೆಗೆ.
ನಕ್ಕರು. ಹಾಗೇ ಹಾಕು ಅಂದರು.
ಮೇಲುಗಡೆ?
"ಎರಡು ಬೆರಳು ಜಾಗ ಖಾಲಿ ಬಿಡು."

ನಲವತ್ತು ಜೆರಾಕ್ಸು.
ಕೋರ್ಟಿನ ಇಬ್ಬರು ವಕೀಲರಿಗೆ,
ಕಟ್ಟಿನಕೆರೆ ಮಾರ್ಕೆಟ್ಟಿನ ಒಬ್ಬ ಈರುಳ್ಳಿ ಸಾಹುಕಾರರಿಗೆ,
ಉಳಿದದ್ದು ಯಾರಿಗೋ.
ಮಸೀದಿ ಕಡೆಯವರೊಬ್ಬರು ಬೈದರಂತೆ,
ಈ ಕಡೆಯವರೊಬ್ಬರು ಬೆನ್ನು ತಟ್ಟಿದರಂತೆ.
ತಟ್ಟಿದ್ದೇ ಹೆಚ್ಚು ನೋವಾಯಿತು ಅಂದರು ಮೇಷ್ಟ್ರು.
"ಅವನು ಓದಿದ್ದು ಅರ್ಧ ಪುಟ."

ಈ ಬುಧವಾರ ಪೇಪರಿಲ್ಲ.
ಮನೆಯ ಮೆಟ್ಟಿಲ ಮೇಲೆ, ಬೆಳಿಗ್ಗೆ, ಎರಡು ಗುಂಡಂತೆ.
ಕೈಯಲ್ಲಿ ಹಾಲಿನ ಪೊಟ್ಟಣವಿತ್ತಂತೆ.
ತಿಥಿ ಕಾರ್ಡಿನ ಅಳತೆ ಕೇಳಿದರು.
ಹೆಸರು. ಊರು. ವಯಸ್ಸು ಐವತ್ತೊಂದು.
ವೃತ್ತಿ ಅಂತ ಒಂದು ಸಾಲು ಇರಲಿ ಅಂದರು,
ಆಮೇಲೆ ಏನು ಬರೆಸುವುದೆಂದು ತೋಚದೆ
ಕಿಟಕಿಯಾಚೆ ಅರಸೀಕೆರೆ ಬಸ್ಸು ತಿರುಗುವುದನ್ನು
ಪೂರ್ತಿ ನೋಡಿದರು.
"ಲೆಕ್ಕ ಕೇಳುವುದು" ಎಂದು ನಾನೇ ಕುಟ್ಟಿದೆ.
ಅಭ್ಯಾಸಬಲ, ಕೈ ಫೋಲ್ಡರಿನ ತನಕ ಹೋಗಿ
ವಾಪಸು ಬಂತು.

ಪ್ರಿಂಟರು ಆ ಖಾಲಿ ಜಾಗವನ್ನೂ
ಅಕ್ಷರದಷ್ಟೇ ನಿಧಾನವಾಗಿ ಎಳೆದು ಹೊರಗಿಟ್ಟಿತು.
ದುಡ್ಡು ಬೇಡ ಅಂದೆ.
ಎಂಬತ್ತು ರೂಪಾಯಿ, ಚಿಲ್ಲರೆಯಲ್ಲೇ,
ಎರಡು ಸಲ ಎಣಿಸಿಟ್ಟು ಮೆಟ್ಟಿಲಿಳಿದರು.