ನಾಲ್ಕನೇ ಗೇಟು

ಬೆಳಿಗ್ಗೆಯೇ ಹೇಳಿಕೊಟ್ಟಿದ್ದರು:
ಐನೂರ ಅರವತ್ತಮೂರರಿಂದ ಶುರುವಾಗುವ ಪಿನ್‌ಕೋಡು
ಎರಡನೇ ಗೇಟು, ನಮ್ಮವರು.
ಐನೂರ ಅರವತ್ತು ಅಂತಿದ್ದರೆ ಬೆಂಗಳೂರು,
ನಾಲ್ಕನೇ ಗೇಟು, ಅವರ ಕಡೆಯವರು.
ಟಿಕೆಟ್ಟಿನ ಹೆಸರು ಕಾರ್ಡಿನ ಹೆಸರು ಒಂದಾಗಬೇಕು.
ಹೋದ ವರ್ಷ ಕಲ್ಲು ತೂರಿದವರು ಯಾರೋ,
ಈ ವರ್ಷ ಬಿಸಿಲಲ್ಲಿ ನಿಂತವರು ಎಲ್ಲರೂ.

ನನಗೊಂದು ಪ್ಲಾಸ್ಟಿಕ್ ಕುರ್ಚಿ, ಒಂದು ಕೆಂಪು ಪೆನ್ನು,
ಖಾಕಿ ಮೇಲೆ ತೊಡಲು ಕಿತ್ತಳೆ ಜಾಕೆಟ್ಟು.
ಹೋಂಗಾರ್ಡಿಗೆ ಫುಟ್‌ಬಾಲು ತಿಳಿಯಬೇಕಿಲ್ಲ,
ಓದಲು ಬಂದರೆ ಸಾಕು.

ಮೂರರ ಹೊತ್ತಿಗೆ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಎದ್ದು
ಕಾರ್ಡುಗಳ ಮೇಲೆಲ್ಲ ಬಿಳೀ ಧೂಳು.
ಒರೆಸಿ ಒರೆಸಿ ಓದಿದೆ.
ಮುನಿಯಪ್ಪ ಬಿನ್ ಲೇಟ್ ಮುನಿಯಪ್ಪ, ಹೋಗಪ್ಪ.
ಅವನ ಹಿಂದಿನವನೂ ಮುನಿಯಪ್ಪ ಬಿನ್ ಲೇಟ್ ಮುನಿಯಪ್ಪ,
ಇವನ ಟಿಕೆಟ್ಟು ಅವನ ಹತ್ತಿರ, ಅವನದು ಇವನ ಹತ್ತಿರ,
ನಿಯಮದ ಪ್ರಕಾರ ಯಾವ ತಪ್ಪೂ ಇಲ್ಲ.
ಟಿಕೆಟ್ಟಿನಲ್ಲಿ ಜೋಸೆಫ್, ಕಾರ್ಡಿನಲ್ಲಿ ಸೂಸೈ.
"ಎರಡೂ ಒಬ್ಬನೇ ಸಂತ, ಅಕ್ಕಾ,
ಚರ್ಚಲ್ಲಿ ಒಂದು ಕರೀತಾರೆ, ಮನೇಲಿ ಒಂದು."
ಸಂತರ ಬಗ್ಗೆ ಬೆಳಿಗ್ಗೆ ಏನೂ ಹೇಳಿರಲಿಲ್ಲ. ಬಿಟ್ಟೆ.

ಆಮೇಲೆ ಬಂದರು ಆಯಮ್ಮ.
ಹೆಸರು ಅಮಲೋರ್ಪವಮ್ಮ,
ಟಿಕೆಟ್ಟಿನಲ್ಲಿ ಜಾಗ ಸಾಲದೆ ಅಮಲೋರ್ಪ.
ಅದನ್ನೂ ಬಿಡುತ್ತಿದ್ದೆ.
ವಿಳಾಸ ಲಿಂಗರಾಜಪುರ.

"ಗ್ಯಾಸಿಗೋಸ್ಕರ ಬದಲಾಯಿಸಿದ್ದು ಕಣಮ್ಮ.
ಗಣಿ ಮುಚ್ಚಿದ ಮೇಲೆ ಬೆಳಗಿನ ರೈಲು, ರಾತ್ರಿ ರೈಲು,
ಹನ್ನೊಂದು ವರ್ಷ.
ಮಂಡಿ ಹೋಯ್ತು, ಅಲ್ಲೇ ಒಂದು ರೂಮು ಹಿಡಿದೆ.
ಹುಟ್ಟಿದ್ದು ಇಲ್ಲೇ, ಆ ಗೋಲ್‌ಪೋಸ್ಟಿನ ಹಿಂದೆ, ಎಂಟನೇ ಲೈನಿನಲ್ಲಿ."

ಜಗಳಕ್ಕೆ ಹೇಳಿದ್ದಲ್ಲ.
ನಾನು ಪೆನ್ನಿನ ಮುಚ್ಚಳ ಹುಡುಕುತ್ತಿದ್ದೆ,
ಅಷ್ಟು ಹೊತ್ತು ಮಾತಾಡಿದರು.
ಅಪ್ಪನಿಗೆ ಶಾಫ್ಟಿಗಿಳಿಯುವಾಗ ನಂಬರಿನ ಹಿತ್ತಾಳೆ ಬಿಲ್ಲೆ,
ಮೇಲೆ ಬಂದಾಗ ಬಾಯಿ ತೆರೆಸಿ ನೋಡುತ್ತಿದ್ದರಂತೆ,
ಹಲ್ಲಿನ ಸಂದಿಯಲ್ಲಿ ಚಿನ್ನ ಇದೆಯೇನೋ ಅಂತ.
"ಸಂಜೆ ಈ ಗ್ರೌಂಡಿಗೆ ಬಂದರೆ ಮಾತ್ರ
ಯಾರೂ ಮೈ ಮುಟ್ಟುತ್ತಿರಲಿಲ್ಲ.
ಲೆಫ್ಟ್ ಬ್ಯಾಕು ಆಡ್ತಿದ್ರು. ಬರಿಗಾಲು."

ಹಿಂದೆ ಸೂಪರ್‌ವೈಸರ್ ಕೆಮ್ಮಿದ.
ಟಿಕೆಟ್ಟಿನ ಮೇಲೆ ಕೆಂಪಗೆ ನಾಲ್ಕು ಅಂತ ಬರೆದೆ.
ನಾಲ್ಕನೇ ಗೇಟಿಗೆ ಹಳದಿ ಬಟ್ಟೆ ಕೂಡದು.
ಹೆಗಲ ಮೇಲಿನ ಟವೆಲ್ಲು ತೆಗೆದು ಮಡಚಿ
ನನ್ನ ತೊಡೆಯ ಮೇಲಿಟ್ಟು,
"ಇಟ್ಕೊಂಡಿರು, ಹೋಗೋವಾಗ ತಗೋತೀನಿ."

ಅವರ ಹಿಂದೆ ಕಮ್ಮನಹಳ್ಳಿ, ಕೆ.ಆರ್.ಪುರ,
ವೈಟ್‌ಫೀಲ್ಡಿನ ಯಾವುದೋ ಶೆಡ್ಡು, ಮತ್ತೆ ಲಿಂಗರಾಜಪುರ.
ಎಲ್ಲರ ಅಂಗಿಯೊಳಗೂ ಹಳದಿ.
ನಾಲ್ಕು. ನಾಲ್ಕು. ನಾಲ್ಕು.
ಪೆನ್ನಿನ ಶಾಯಿ ಮುಗಿಯಬಾರದೇ ಅಂದುಕೊಂಡೆ,
ಮುಗಿಯಲಿಲ್ಲ.

ಕುಳಿತಲ್ಲಿಂದ ನನಗೆ ಕಾಣುವುದು ಗೋಡೆ,
ಗೋಡೆ ಮೇಲಿನ ಬ್ಯಾಟರಿ ಜಾಹೀರಾತು.
ಎರಡನೇ ಅರ್ಧದಲ್ಲಿ ಒಂದು ಸಲ
ಎರಡನೇ ಗೇಟಿನ ಕಡೆ ಕೂಗು ಎದ್ದಿತು,
ಅದಕ್ಕೂ ಒಂದುಸಿರು ಮುಂಚೆ ನಾಲ್ಕರ ಕಡೆ.
ತಗಡಿನ ಚಾವಣಿ ಅದುರಿತು.
ವೈರ್‌ಲೆಸ್ಸಿನಲ್ಲಿ ಇನ್‌ಸ್ಪೆಕ್ಟರು:
"ನಾಲ್ಕರಲ್ಲಿ ಏನಮ್ಮಾ ಗಲಾಟೆ?"
"ಗೋಲು ಸಾರ್."
"ಯಾರದು?"
"ನಮ್ಮದು."

ಬಾಯಿಗೆ ಹಾಗೇ ಬಂತು.
ನನ್ನ ಕಾರ್ಡಿನಲ್ಲಿರುವುದು ಗಂಡನ ಊರು, ವಿ.ಕೋಟ,
ಗಡಿಯಾಚೆ, ಐನೂರ ಹದಿನೇಳರ ಪಿನ್ನು.
ಬಿಟ್ಟು ಬಂದು ಆರು ವರ್ಷ, ಇನ್ನೂ ಬದಲಾಯಿಸಿಲ್ಲ.
ಅದಕ್ಕೆ ಯಾವ ಗೇಟೂ ಗೊತ್ತು ಮಾಡಿರಲಿಲ್ಲ.
ಕಾರ್ಡು ತೋರಿಸು ಅಂತ ನನ್ನನ್ನು ಯಾರೂ ಕೇಳಲೂ ಇಲ್ಲ,
ಕುರ್ಚಿಯಲ್ಲಿ ಕೂತಿದ್ದೆನಲ್ಲ.

ಕೊನೆಗೆ ಸೋತೆವಂತೆ, ಎರಡು ಒಂದು.
ಆಯಮ್ಮ ಬರಲಿಲ್ಲ,
ಬೆಂಗಳೂರಿನ ರೈಲಿಗೆ ಹೊತ್ತಾಗಿರಬೇಕು,
ಆ ಮಂಡಿಯಲ್ಲಿ ಓಡಿರಬೇಕು.
ಟವೆಲ್ಲು ಮನೆಗೆ ತಂದು ಒಗೆದೆ.
ಬಣ್ಣ ಬಿಡುವ ಬಟ್ಟೆ,
ಬಕೆಟ್ಟಿನ ನೀರೆಲ್ಲ ಹಳದಿ, ನನ್ನ ಉಗುರೂ.
ಮುಂದಿನ ಮ್ಯಾಚು ಇಪ್ಪತ್ತೆಂಟಕ್ಕೆ.
ಡ್ಯೂಟಿ ಯಾವ ಗೇಟಿಗೋ ಇನ್ನೂ ಹೇಳಿಲ್ಲ.