ಇರಬಹುದು

ಹಿಲ್ಸ್‌ಬರೋ ಟ್ರಾಮ್ ನಿಲ್ದಾಣದ ಎದುರು ದೊಡ್ಡ ಅಂಗಡಿ.
ಬಿಸ್ಕತ್ತಿನ ಸಾಲಿನಲ್ಲಿ ನಾನು
ಪೊಟ್ಟಣ ಬೋರಲು ಮಾಡಿ ನಿಂತಿರುತ್ತೇನೆ.
ಮುಂದಿನ ಮುಖಕ್ಕೆ ಬಿಸಿಲು, ಗೋಧಿತೆನೆ, ನಗುವ ಹಸು.
ನಿಜವೆಲ್ಲ ಬೆನ್ನಿಗೆ,
ಅದೂ ಇರುವೆ ಸಾಲಿನಷ್ಟು ಸಣ್ಣಗೆ.

ಹಾಲು ದಪ್ಪಕ್ಷರ, ಗೋಧಿ ದಪ್ಪಕ್ಷರ,
ಸೋಯಾ ದಪ್ಪಕ್ಷರ. ಆಮೇಲೊಂದು ಚುಕ್ಕಿ.
ಚುಕ್ಕಿಯಾಚೆ, ಹೊಸ್ತಿಲಲ್ಲೇ ನಿಂತ ನೆಂಟನ ಹಾಗೆ,
ಒಂದು ಮಾತು:
ಶೇಂಗಾ ಇರಬಹುದು.

ಇರಬಹುದು ಅಂದರೆ ಇದೆಯೋ, ಇಲ್ಲವೋ?
ಈ ಪದವನ್ನು ಜನ್ಮವಿಡೀ ಪುಕ್ಕಟೆ ಬಳಸಿದ್ದೆ,
ಮಳೆಗೆ, ಬಸ್ಸಿಗೆ, ಬೀಗರ ಮನಸ್ಸಿಗೆ.
ಈಗ ಅದರ ತೂಕ ಗೊತ್ತು:
ಇಪ್ಪತ್ತೆರಡು ಕಿಲೋ,
ಶಾಲೆಯ ಬೂಟೂ ಸೇರಿ.

ನಾನೋ ಶೇಂಗಾದಲ್ಲೇ ಬೆಳೆದವಳು.
ರೊಟ್ಟಿಗೆ ಹಿಂಡಿ, ಬದನೆಯ ಹೊಟ್ಟೆಗೆ ಪುಡಿ,
ಪಂಚಮಿಗೆ ಉಂಡಿ,
ಜ್ವರ ಬಿಟ್ಟ ಬಾಯಿಗೆ ಹುರಿದ ನಾಲ್ಕು ಕಾಳು.
ಬಾಗಲಕೋಟೆಯಿಂದ ಅವ್ವ ಫೋನಿನಲ್ಲಿ ಇನ್ನೂ ನಂಬಿಲ್ಲ:
“ಶೇಂಗಾ ತಿಂದು ಯಾರರ ಸಾಯ್ತಾರೇನ?
ಒಂದ ಕಾಳು ನೆಕ್ಕಿಸಿ ನೋಡವಾ, ರೂಢಿ ಆಗ್ತದ.”
ಒಂದೇ ಕಾಳಿಗೆ ತುಟಿ ಹೇಗಾಯಿತೆಂದು
ಅವ್ವನಿಗೆ ಹೇಳಿಲ್ಲ.
ನೀಲಿ ದೀಪದ ಗಾಡಿ ನಮ್ಮ ಏರು ಹತ್ತುವಷ್ಟರಲ್ಲಿ
ನಾನು ಎಣಿಸಿದ ಉಸಿರುಗಳನ್ನೂ.

ಅಂದಿನಿಂದ ಚೀಲದಲ್ಲಿ ಎರಡು ಪೆನ್ನು,
ಬರೆಯಲು ಬಾರದವು.
ಅಂದಿನಿಂದ ಸೋಪನ್ನೂ ಓದುತ್ತೇನೆ, ತುಟಿಗೆ ಹಚ್ಚುವುದನ್ನೂ.
ಮುಲಾಮಿನ ಟ್ಯೂಬಿನಲ್ಲಿ ಅದಕ್ಕೆ ಅರಾಕಿಸ್ ಎಂದು ಹೆಸರು,
ಪೇಟೆ ಸೇರಿ ಹೆಸರು ಬದಲಿಸಿಕೊಂಡ
ನಮ್ಮೂರ ಹುಡುಗನ ಹಾಗೆ.
ನಡಿಗೆಯಲ್ಲೇ ಗುರುತು ಹಿಡಿದೆ.

ಹೋದ ವಾರ ಓದಿದ್ದು ಈ ವಾರಕ್ಕೆ ಸಲ್ಲದು.
ಅದೇ ಬಣ್ಣ, ಅದೇ ಹಸು,
ಮೂಲೆಯಲ್ಲಿ ಮಾತ್ರ ‘ಹೊಸ ರುಚಿ’.
ಹೊಸದೆಂದರೆ ಏನು ಹಾಕಿದಿರಿ, ಮಾರಾಯರೆ?
ಹಿಂದಿನವನು ಗಾಡಿ ತಳ್ಳುತ್ತ ನಿಟ್ಟುಸಿರಿಡುತ್ತಾನೆ.
ಇಡಲಿ.

ಕದ್ದು ಹೇಳುತ್ತೇನೆ:
ವರ್ಷಕ್ಕೆರಡು ಸಲ ರಾದರ್‌ಹ್ಯಾಮಿಗೆ ಹೋಗುತ್ತೇನೆ,
ದಾಕ್ಷಾಯಣಿಯ ಅಡುಗೆಮನೆಗೆ.
ಬಿಸಿ ರೊಟ್ಟಿ, ಮೇಲೆ ಎಣ್ಣೆ, ಮೇಲೆ ಶೇಂಗಾ ಹಿಂಡಿ.
ಮಾತಾಡದೆ ತಿನ್ನುತ್ತೇನೆ.
ಮೂರು ಸಲ ಕೈ ತೊಳೆದು, ಹಲ್ಲುಜ್ಜಿ, ಅಂಗಿ ಬದಲಿಸಿ
ಹಾಲು ಕುಡಿದ ಬೆಕ್ಕಿನಂತೆ ಮನೆಗೆ ಬಂದು
ಮಗಳಿಗೆ ಆ ರಾತ್ರಿ ಮುತ್ತು ಕೊಡುವುದಿಲ್ಲ.

ಮಗಳು ನೀಲಾಂಬಿಕೆ, ಶಾಲೆಯಲ್ಲಿ ನೀಲ್.
ಏಳು ತುಂಬಿದೆ.
ಮೊನ್ನೆ ಗೆಳತಿ ಇಮೊಜೆನ್‌ಳ ಹುಟ್ಟುಹಬ್ಬ.
ಅವಳ ಅಜ್ಜ ಸಿರಿಲ್, ಹಿಂದೆ ಉಕ್ಕಿನ ಕಾರ್ಖಾನೆಯವರು,
ತಾವೇ ಕೇಕು ಮಾಡಿದ್ದರು, ಒಂದು ಕಡೆ ಕುಸಿದದ್ದು.
ನಾನು ಬಾಯಿ ತೆರೆಯುವ ಮೊದಲೇ ಇವಳು ಕೇಳಿದಳು:
“ಇದರಲ್ಲಿ ಏನೇನಿದೆ?”

ಕೋಣೆ ಒಂದು ಗಳಿಗೆ ಬಿಗಿಯಿತು.
ಇಂಥಲ್ಲಿ ಜನ ಹೇಳುವ ಮಾತು ನನಗೆ ಬಾಯಿಪಾಠ:
ಏನೂ ಆಗಲ್ಲ, ಒಂಚೂರು ತಿನ್ನು.
ಸಿರಿಲ್ ಹಾಗೆನ್ನಲಿಲ್ಲ.
ಕಸದ ಬುಟ್ಟಿಗೆ ಮೊಣಕೈತನಕ ಕೈ ಹಾಕಿ
ಹಿಟ್ಟಿನ ಚೀಲ, ಬೆಣ್ಣೆಯ ಕಾಗದ, ಬಣ್ಣದ ಕಾಳಿನ ಡಬ್ಬಿ
ಒಂದೊಂದನ್ನೇ ತೆಗೆದು, ಒರೆಸಿ,
ಮೇಜಿನ ಮೇಲೆ ಸಾಲಾಗಿ ಇಟ್ಟು
ಕನ್ನಡಕ ಹುಡುಕಿದರು.

ಇಬ್ಬರೂ ಓದಿದರು. ಅವರ ದಪ್ಪ ಬೆರಳು
ಸಾಲಿನ ಕೆಳಗೆ, ಇವಳ ಬೆರಳು ಅದರ ಮುಂದೆ.
ಡಬ್ಬಿಯ ತಳದಲ್ಲಿ ಬೆರಳೆರಡೂ ನಿಂತವು.
ಇರಬಹುದು.

ಇವಳು ಅಳಲಿಲ್ಲ. ಅವರು ಕ್ಷಮೆ ಕೇಳಿದರು,
ದೊಡ್ಡವರ ಬಳಿ ಕೇಳುವಂತೆ.
ಒಂದು ಬಾಳೆಹಣ್ಣು ತಂದು ಕೊಟ್ಟರು:
“ತಗೋ, ಇದರ ಮೇಲೆ ಯಾರೂ ಏನೂ ಬರೆದಿಲ್ಲ.”

ಅವಳು ಅದನ್ನೂ ಬೋರಲು ಮಾಡಿ ನೋಡಿದಳು.
ಚಿಕ್ಕ ಚೀಟಿ ಅಂಟಿತ್ತು.
“ಕೊಲಂಬಿಯಾ,” ಎಂದು ಗಟ್ಟಿಯಾಗಿ ಓದಿ,
ಸ್ವಲ್ಪ ಯೋಚಿಸಿ,
ಸಿಪ್ಪೆ ಬಿಡಿಸಿದಳು.